ತಿಮ್ಮರಾಯಪ್ಪನವರ ಹತ್ತು ಗಾಯಕರ ಬೋರ್ಡು

ಉತ್ತರಹಳ್ಳಿಯ ತಿಮ್ಮರಾಯಪ್ಪನವರ ಜೊತೆ ಯಾವ ವಿಷಯದ ಬಗ್ಗೆ ಬೇಕಾದರೂ ವಾದ ಮಾಡಬಹುದು. ರಾಜಕೀಯ ಎತ್ತಿ, ಸೈಟಿನ ರೇಟು ಎತ್ತಿ, ಬೇಕಾದರೆ ಅವರ ಸಕ್ಕರೆ ಕಾಯಿಲೆಯನ್ನೇ ಎತ್ತಿ. ಸೋತರೆ ನಕ್ಕು ಕಾಫಿ ಕೊಡಿಸುತ್ತಾರೆ. ಅವರ ಅಂಗಡಿಯ ಮುಂದಿನ ಕರಿಹಲಗೆಯ ತಂಟೆಗೆ ಮಾತ್ರ ಹೋಗಬೇಡಿ. ಹೋದರೆ ಕಾಫಿಯೂ ಇಲ್ಲ, ಕುರ್ಚಿಯೂ ಇಲ್ಲ.

ಅಂಗಡಿಯ ಹೆಸರು ಅಣ್ಣಮ್ಮ ಸೌಂಡ್ಸ್. ಮುಖ್ಯರಸ್ತೆಯಲ್ಲಿ, ಬಸ್‌ಸ್ಟಾಪಿನಿಂದ ನಾಲ್ಕನೇ ಕಟ್ಟಡ, ಅವರದೇ ಕಟ್ಟಡದ ನೆಲಮಹಡಿ. ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ, ಅಂಗಡಿಯ ಹಿಂದಿನ ಮನೆಯಲ್ಲಿ ಗಂಡ ಹೆಂಡತಿ ಇದ್ದಾರೆ. ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಜನ ಕೇಳಿದ ಹತ್ತು ಕಂಠಗಳು' ಎಂದು ಬರೆದಿದೆ. ಅದರ ಕೆಳಗೆ ಒಂದು, ಎಸ್. ಜಾನಕಿ. ಎರಡು, ಡಾ. ರಾಜ್‌ಕುಮಾರ್. ಮೂರು, ಎಸ್‌ಪಿಬಿ. ಹೀಗೆ ಹತ್ತರವರೆಗೆ. ಪ್ರತಿವರ್ಷ ಗಣೇಶನನ್ನು ಬಿಟ್ಟ ಮಾರನೇ ದಿನ ಬೋರ್ಡು ತೊಳೆದು ಹೊಸದಾಗಿ ಬರೆಯುವುದು ಅವರ ಪದ್ಧತಿ.

ಬೆಂಗಳೂರಿನಲ್ಲಿ, ಅದೂ ಉತ್ತರಹಳ್ಳಿಯಲ್ಲಿ, ಅಣ್ಣಾವ್ರನ್ನು ಎರಡನೇ ಸ್ಥಾನದಲ್ಲಿ ಬರೆದು ಅಂಗಡಿ ಬಾಗಿಲು ತೆಗೆದುಕೊಂಡು ಕೂರುವುದೆಂದರೆ ಹುಡುಗಾಟವೇ? ಒಂದು ಬೆಳಿಗ್ಗೆ ಯಾರೋ ಒದ್ದೆ ಬಟ್ಟೆಯಲ್ಲಿ ಮೇಲಿನ ಎರಡು ಸಾಲು ಒರೆಸಿ ಹೋಗಿದ್ದರು. ತಿಮ್ಮರಾಯಪ್ಪ ಹಲ್ಲುಜ್ಜುವ ಮೊದಲೇ ಸೀಮೆಸುಣ್ಣ ಹಿಡಿದು ಅದನ್ನೇ ಮತ್ತೆ ಬರೆದರು.

"ನಾನೂ ಅಣ್ಣಾವ್ರ ಅಭಿಮಾನೀನೇ ಕಣಯ್ಯಾ. ಆದ್ರೆ ಇದು ನನ್ನ ಇಷ್ಟ ಅಲ್ಲ, ಚೀಟಿ ಹೇಳೋದು. ಚೀಟಿಗೆ ಯಾರ ಮುಲಾಜೂ ಇಲ್ಲ!" ಎಂಬುದು ಅವರ ಮಾತು.

ಚೀಟಿಯ ವಿಷಯ ಹೇಳಿಬಿಡಬೇಕು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದಾಗ ಅಣ್ಣತಮ್ಮಂದಿರೆಲ್ಲ ಕಟ್ಟಡ ಕಟ್ಟಿದರು. ತಿಮ್ಮರಾಯಪ್ಪ ಮೊದಲು ಎರಡು ಹಾರನ್ ಸ್ಪೀಕರು, ಒಂದು ಆಂಪ್ಲಿಫೈಯರ್ ತಂದರು, ಆಮೇಲೆ ಕಟ್ಟಡದ ಯೋಚನೆ ಮಾಡಿದರು. ಸುಬ್ರಹ್ಮಣ್ಯಪುರದಿಂದ ತಲಘಟ್ಟಪುರದವರೆಗೆ ಗಣೇಶನ ಆರ್ಕೆಸ್ಟ್ರಾ ಎಲ್ಲಿದ್ದರೂ ಮೈಕು ಅವರದೇ. ಆಗ ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು ಹಾಕಿ, ತಿಮ್ಮರಾಯಪ್ಪನ ಮೇಜಿನ ಮೇಲಿನ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದರು. ಚೀಟಿ ಸ್ಟೇಜಿಗೆ ಹೋಗುತ್ತಿತ್ತು, ನಿರೂಪಕರು ಕೇಳಿದವರ ಹೆಸರನ್ನು ಮೈಕಿನಲ್ಲಿ ಓದುತ್ತಿದ್ದರು, ಹಾಡು ಆಗುತ್ತಿತ್ತು. ಹಾಡು ಮುಗಿದ ಮೇಲೆ ಬೇರೆ ಮೈಕಿನವರು ಚೀಟಿಯನ್ನು ಗುಡಿಸಿ ಬಿಸಾಡುತ್ತಿದ್ದರು. ತಿಮ್ಮರಾಯಪ್ಪ ಹೋಟೆಲಿನವರು ಬಿಲ್ಲು ಚುಚ್ಚುವ ಹಾಗೆ ಒಂದೊಂದನ್ನೂ ತಂತಿಗೆ ಚುಚ್ಚಿ ಮನೆಗೆ ತಂದರು. ವರ್ಷಕ್ಕೊಂದು ತಂತಿ. ಇಪ್ಪತ್ತಾರು ವರ್ಷ, ಇಪ್ಪತ್ತಾರು ತಂತಿ. ಆಮೇಲೆ ಡೀಜೆ ಬಂತು, ಮೊಬೈಲ್ ಬಂತು, ಚೀಟಿ ನಿಂತಿತು.

"ಟೀವಿಯೋರು ಶತಮಾನದ ಶ್ರೇಷ್ಠ ಗಾಯಕರು ಅಂತ ಪಟ್ಟಿ ಓದ್ತಾರೆ. ಯಾರನ್ನ ಕೇಳಿ ಮಾಡಿದ್ರಪ್ಪಾ? ತಜ್ಞರ ಸಮಿತಿಯಂತೆ! ನಂದು ಬಯಲಲ್ಲಿ ನೆಲದ ಮೇಲೆ ಕೂತ ಸಮಿತಿ," ಎಂದು ಅಂಗಡಿಯೊಳಗೆ ಜೋತುಬಿದ್ದ ತಂತಿಗಳನ್ನು ತೋರಿಸುತ್ತಿದ್ದರು. ಜಾನಕಿಯವರಿಗೆ ಒಂಬೈನೂರ ಹನ್ನೆರಡು ಚೀಟಿ. ರಾಜ್‌ಕುಮಾರರಿಗೆ ಎಂಟುನೂರ ಎಪ್ಪತ್ತೊಂದು. ಈ ಎರಡು ಸಂಖ್ಯೆ ಅವರಿಗೆ ಸ್ವಂತ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿದ್ದವು.

ಹೋದ ವರ್ಷ ದಸರಾ ಮುಗಿದ ಮೇಲೆ ಕನ್ನಡ ಸಂಘದ ಅಧ್ಯಕ್ಷ ಕೆಂಪರಾಜು ಅಂಗಡಿಗೆ ಬಂದ. ಕೆಂಪರಾಜು ಅಂದರೆ ಅಣ್ಣಾವ್ರ ಫೋಟೋ ಇಲ್ಲದ ಗೋಡೆಗೆ ಒರಗದ ಮನುಷ್ಯ. ಸಂಘದ ಹೊಸ ಬಯಲು ರಂಗಮಂದಿರದ ಗೋಡೆಯ ಮೇಲೆ ಹತ್ತು ಗಾಯಕರ ಚಿತ್ರ ಬರೆಸಿ ರಾಜ್ಯೋತ್ಸವದ ದಿನ ತೆರೆ ಸರಿಸಬೇಕು ಎಂದು ತೀರ್ಮಾನವಾಗಿತ್ತು. ತಿಮ್ಮರಾಯಪ್ಪನ ಪಟ್ಟಿಯನ್ನೇ ತೆಗೆದುಕೊಳ್ಳೋಣ ಎಂದು ಸಭೆ ಕೈಯೆತ್ತಿತ್ತು. ಕೆಂಪರಾಜು ಕೈ ಎತ್ತಿರಲಿಲ್ಲ.

"ಬೋರ್ಡಾದ್ರೆ ಅಳಿಸ್ಬೋದು ತಿಮ್ಮಣ್ಣ. ಗೋಡೆ ಪೇಂಟು ಬಿತ್ತು ಅಂದ್ರೆ ಬಿತ್ತು. ಲೆಕ್ಕ ಬೇರೆಯವ್ರ ಕೈಲಿ ಒಂದ್ಸಲ ನೋಡ್ಸಿ," ಎಂದ.

"ಒಬ್ರಲ್ಲ, ನೂರು ಜನರ ಕೈಲಿ ನೋಡ್ಸು. ಒಂದು ಚೀಟಿ ಸುಳ್ಳು ಅಂತ ತೋರ್ಸು, ನನ್ನ ಕೈಯಾರೆ ಬೋರ್ಡು ಒರೆಸ್ತೀನಿ!" ಎಂದರು ತಿಮ್ಮರಾಯಪ್ಪ. ಬಾಯಿಂದ ಬಿದ್ದ ಮಾತು. ಅಕ್ಕಪಕ್ಕದ ನಾಲ್ಕು ಜನ ಕೇಳಿಸಿಕೊಂಡರು.

ನೋಡುವ ಕೆಲಸ ಎರಡನೇ ಮಹಡಿಯ ಬಾಡಿಗೆದಾರಳು ಶ್ರೀದೇವಿಗೆ ಬಂತು. ದಾವಣಗೆರೆ ಕಡೆಯ ಹೆಣ್ಣುಮಗಳು, ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡುವ ಕೆಲಸ. ಉತ್ತರಹಳ್ಳಿಯ ಯಾವ ಪಾರ್ಟಿಗೂ ಸೇರಿದವಳಲ್ಲವಾದ್ದರಿಂದ ಕೆಂಪರಾಜು ಕೂಡ ಒಪ್ಪಿದ. ಎರಡು ಭಾನುವಾರ ಅವಳು ತಂತಿಗಳನ್ನು ಹರವಿಕೊಂಡು ಕೂತಳು. ಎರಡನೇ ಭಾನುವಾರ ಸಂಜೆ ಕೆಂಪರಾಜುವಿನ ಎದುರಿಗೇ ಒಂದು ಕಟ್ಟನ್ನು ಬೇರೆ ಮಾಡಿ ಮೇಜಿನ ಮೇಲಿಟ್ಟಳು.

"ಅಂಕಲ್, ಟೋಟಲ್ ಕರೆಕ್ಟಾಗಿದೆ. ಆದ್ರೆ ಈ ಇನ್ನೂರ ಮೂವತ್ತೆಂಟು ಚೀಟಿ ಒಬ್ರೇ ಬರ್ದಿರೋದು. ಎಲ್ಲಾ ಜಾನಕಿಯಮ್ಮನ ಹಾಡೇ."

ತಿಮ್ಮರಾಯಪ್ಪ ನಕ್ಕರು. ಕನ್ನಡಕ ಹಾಕಿಕೊಂಡು ನೋಡಿದ ಮೇಲೆ ನಗು ನಿಂತಿತು. 'ತಲಘಟ್ಟಪುರದ ಅಭಿಮಾನಿ ಬಳಗ', 'ಸುಬ್ರಹ್ಮಣ್ಯಪುರದ ಗೆಳೆಯರು', 'ಕೆರೆಬೀದಿ ಯುವಕರು'. ಬೇರೆ ಬೇರೆ ಹೆಸರು, ಬೇರೆ ಬೇರೆ ವರ್ಷ, ಕ್ಯಾಲೆಂಡರ್ ಹಾಳೆ ಹರಿದು ಮಾಡಿದ ಚೀಟಿ. ಅದೇ ಗುಂಡನೆಯ ಅಕ್ಷರ, ಅದೇ ಒತ್ತಿ ಬರೆದ ಪೆನ್ಸಿಲ್ಲು. ತಲಘಟ್ಟಪುರದ ಅಭಿಮಾನಿ ಬಳಗವನ್ನು ಅವರು ಎಷ್ಟು ವರ್ಷ ಮನಸ್ಸಿನಲ್ಲೇ ಕಂಡಿದ್ದರು! ಹತ್ತು ಜನ ಮೀಸೆಯವರು, ಟೆಂಪೋ ಮಾಡಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತು ಹಾಡು ಕೇಳುವವರು. ಎಷ್ಟೋ ಸಲ ಅವರಿಗಾಗಿಯೇ ಹಿಂದಿನ ಸ್ಪೀಕರಿನ ಸೌಂಡು ಸ್ವಲ್ಪ ಏರಿಸಿದ್ದರು. ಒಬ್ಬನಾದರೂ ಇದ್ದನೋ ಇಲ್ಲವೋ.

ಕೆಂಪರಾಜು ಬೆರಳು ಮಡಚಿ ಲೆಕ್ಕ ಹಾಕಿದ. "ಒಂಬೈನೂರ ಹನ್ನೆರಡರಲ್ಲಿ ಇನ್ನೂರ ಮೂವತ್ತೆಂಟು ಹೋದ್ರೆ ಆರ್ನೂರ ಎಪ್ಪತ್ನಾಲ್ಕು. ಅಣ್ಣಾವ್ರು ಫಸ್ಟು! ಇಪ್ಪತ್ತಾರು ವರ್ಷ ಮೋಸ ಆಗಿದೆ ತಿಮ್ಮಣ್ಣ."

ತಿಮ್ಮರಾಯಪ್ಪ ಹಠಮಾರಿಯೇ ಹೊರತು ಮಾತು ತಪ್ಪುವವರಲ್ಲ. ಎದ್ದು ಹೊರಗೆ ಬಂದು ಅಂಗೈಯಿಂದಲೇ ಬೋರ್ಡಿನ ಮೇಲಿನ ಎರಡು ಸಾಲು ಒರೆಸಿದರು. ಕೈಯೆಲ್ಲ ಬಿಳಿಯಾಯಿತು. ಅವಮಾನ ತಡೆಯಲಾಗದೆ ಸಿಟ್ಟು ಬಂತು, ಸಿಟ್ಟಿಗೆ ಒಬ್ಬರು ಬೇಕಾಗಿತ್ತು.

"ಇದು ಆ ಲತಾಮಣಿ ಕೆಲ್ಸ. ಆರ್ಕೆಸ್ಟ್ರಾದಲ್ಲಿ ಜಾನಕಿಯಮ್ಮನ ಹಾಡು ಹೇಳ್ತಿದ್ದೋಳು ಅವಳೊಬ್ಳೇ. ತನಗೆ ಜಾಸ್ತಿ ಹಾಡು ಬರ್ಲಿ ಅಂತ ತಾನೇ ಬರ್ಕೊಂಡಿದಾಳೆ. ರಾಜ್ಯೋತ್ಸವಕ್ಕೆ ಬರ್ತಾಳಲ್ಲ, ಸ್ಟೇಜ್ ಮೇಲೇ ಕೇಳ್ತೀನಿ," ಎಂದು ಕೂಗಿದರು.

ಒಳಗಿನ ಬಾಗಿಲು ಧಡಾರನೆ ತೆರೆಯಿತು. ಲಕ್ಷ್ಮಿದೇವಮ್ಮ, ಅವರ ಹೆಂಡತಿ, ಸೊಪ್ಪು ಬಿಡಿಸುತ್ತಿದ್ದ ಮೊರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು.

"ಆ ಹೆಣ್ಮಗಳ ಹೆಸರು ಯಾಕ್ರೀ ಕೆಡಿಸ್ತೀರಾ? ಬರ್ದಿದ್ದು ನಾನು."

ರಸ್ತೆಯಲ್ಲಿ ಬಸ್ಸೊಂದು ಹಾರನ್ ಮಾಡಿಕೊಂಡು ಹೋಯಿತು.

ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಕೈಬರಹ ತಿಮ್ಮರಾಯಪ್ಪನಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಸಾಮಾನಿನ ಪಟ್ಟಿ ಆಕೆ ಬಾಯಲ್ಲೇ ಹೇಳುತ್ತಿದ್ದರು. ತವರು ಇಲ್ಲೇ ತಲಘಟ್ಟಪುರ. ಕಾಗದ ಬರೆಯುವಷ್ಟು ದೂರ ಎಂದೂ ಹೋಗಿರಲಿಲ್ಲ. ಏಳನೇ ಕ್ಲಾಸು ಪಾಸಾದವಳು ಎಂದು ಮದುವೆಯಲ್ಲಿ ಯಾರೋ ಹೇಳಿದ್ದರು, ಅಷ್ಟೇ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

"ನೀನಾ? ಯಾವಾಗ?"

"ನಿಮಗೆ ಫ್ಲಾಸ್ಕಲ್ಲಿ ಕಾಫಿ ತಂದು ಕೊಡ್ತಿರ್ಲಿಲ್ವಾ? ಆವಾಗ್ಲೇ. ನಿಮ್ಮ ಮೂಗಿನ ಕೆಳಗೇ ಡಬ್ಬಿಗೆ ಹಾಕ್ತಿದ್ದೆ. ನೀವು ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಸ್ಟೇಜ್ ನೋಡ್ತಿದ್ರಿ."

"ಸುಳ್ಳು ಹೆಸ್ರು ಯಾಕಮ್ಮಾ?" ಎಂದ ಕೆಂಪರಾಜು, ಈಗ ಸ್ವಲ್ಪ ಮೆತ್ತಗೆ.

"ಇನ್ನೇನು ಮಾಡ್ಬೇಕಿತ್ತು? ಚಾಪೆ ಮೇಲೆ ಕೂತ ಹೆಂಗಸ್ರಿಗೆ ಹಾಡು ಬೇಡ್ವಾ? ಚೀಟಿ ಹಾಕಿದ್ರೆ ಸ್ಟೇಜ್ ಮೇಲಿನೋರು ಹೆಸ್ರನ್ನ ಮೈಕಲ್ಲಿ ಕೂಗ್ತಿದ್ರು. ಯಾರ ಮನೆ ಸೊಸೆ ಹೆಸ್ರು ಬೀದೀಲಿ ಕೂಗ್ಸಿದ್ರೆ ಮನೇಲಿ ಸುಮ್ನಿರ್ತಿದ್ರು? ಅದಕ್ಕೆ ಎಲ್ರೂ ನನ್ನ ಕಿವೀಲಿ ಹೇಳೋರು, ನಾನು ಬರೆಯೋಳು. ಗಂಡಸ್ರ ಹೆಸ್ರು ಹಾಕಿದ್ರೆ ನಿಮಗೂ ಖುಷಿ."

"ಆದ್ರೂ ಬರ್ದಿದ್ದು ಒಂದೇ ಕೈ. ಒಂದು ಕೈಗೆ ಒಂದು ಓಟು," ಎಂದು ಕೆಂಪರಾಜು ಪಟ್ಟು ಬಿಡಲಿಲ್ಲ.

ಲಕ್ಷ್ಮಿದೇವಮ್ಮ ಮೊರ ಕೆಳಗಿಟ್ಟರು. ಕಟ್ಟಿನಿಂದ ಒಂದು ಚೀಟಿ ಎಳೆದು ತಿರುಗಿಸಿ ಅವನ ಮುಂದೆ ಹಿಡಿದರು. ಕ್ಯಾಲೆಂಡರಿನ ತಾರೀಕುಗಳ ಮಧ್ಯೆ, ಹಾಲಿನ ಲೆಕ್ಕವೆಂದುಕೊಂಡು ಶ್ರೀದೇವಿ ಬಿಟ್ಟಿದ್ದ ಪೆನ್ಸಿಲಿನ ಉದ್ದುದ್ದ ಗೆರೆಗಳಿದ್ದವು. ಒಂಬತ್ತು ಗೆರೆ.

"ಎಲ್ಲಾ ಹಾಡು ಕೇಳೋಕೆ ಟೈಮ್ ಇರ್ತಿರ್ಲಿಲ್ಲ. ಯಾವ ಹಾಡು ಜಾಸ್ತಿ ಜನ ಕೇಳಿದ್ರೋ ಅದನ್ನ ಹಾಕ್ತಿದ್ದೆ. ಒಬ್ಬೊಬ್ರಿಗೆ ಒಂದೊಂದು ಗೆರೆ. ನೀವು ಇಪ್ಪತ್ತಾರು ವರ್ಷ ಜೋಪಾನ ಮಾಡಿದ್ರಿ, ಒಂದ್ಸಲನಾದ್ರೂ ತಿರುಗ್ಸಿ ನೋಡಿದ್ರಾ?"

ಈ ಮಾತು ಕೆಂಪರಾಜುವಿಗೆ ಹೇಳಿದ್ದಲ್ಲ. ತಿಮ್ಮರಾಯಪ್ಪ ತಲೆ ತಗ್ಗಿಸಿದರು. ಊರಿಗೆಲ್ಲ ಕೇಳಿಸುವಂತೆ ಮಾಡಿದ ತಾನು ಮೂರು ಅಡಿ ದೂರ ನಿಂತವಳನ್ನು ಕೇಳಿಸಿಕೊಂಡಿರಲಿಲ್ಲ ಎಂದು ಅವರಿಗೆ ಆಗ ನಿಜವಾಗಿ ನಾಚಿಕೆಯಾಯಿತು. ಅದರ ಜೊತೆಗೇ, ಮುಚ್ಚಿಡುವುದೇಕೆ, ಹೆಂಡತಿಯ ಮೇಲೆ ಹೆಮ್ಮೆಯೂ ಉಕ್ಕಿತು. ಚೀಟಿ ಎಣಿಸುವವನು ತಾನೊಬ್ಬನೇ ಎಂದುಕೊಂಡಿದ್ದರೆ, ತನಗಿಂತ ಮೊದಲೇ, ತನಗಿಂತ ಸರಿಯಾಗಿ ಎಣಿಸಿದವಳು ಮನೆಯಲ್ಲೇ ಇದ್ದಳು.

ಶ್ರೀದೇವಿ ಅಲ್ಲೇ ಕೂತು ಗೆರೆಗಳನ್ನು ಕೂಡಿದಳು. ಮುಕ್ಕಾಲು ಗಂಟೆ ಹಿಡಿಯಿತು. ಇನ್ನೂರ ಮೂವತ್ತೆಂಟು ಚೀಟಿಯ ಹಿಂದೆ ಸಾವಿರದ ಒಂಬೈನೂರ ಆರು ಹೆಂಗಸರು ಇದ್ದರು.

"ಹಂಗಾದ್ರೆ ಅಣ್ಣಾವ್ರ ಒಂದೊಂದು ಚೀಟಿ ಹಿಂದೇನೂ ಜನ ಇರ್ಬೋದಲ್ಲ?" ಕೆಂಪರಾಜುವಿನ ಕೊನೆಯ ಆಸೆ ಅದು.

ಶ್ರೀದೇವಿ ಕನ್ನಡಕ ಸರಿಮಾಡಿಕೊಂಡಳು. "ಅದ್ರಲ್ಲಿ ನೂರ ನಾಲ್ಕು ಚೀಟಿ ನಿಮ್ಮ ಒಬ್ರ ಹೆಸ್ರಲ್ಲೇ ಇದೆ ಅಂಕಲ್. ಒಂದು ಕೈಗೆ ಒಂದು ಓಟು ಅಂದ್ರಲ್ಲ, ತೆಗೀಲಾ?"

"ಬೇಡಮ್ಮಾ ತಾಯಿ, ಇರ್ಲಿ ಬಿಡು," ಎಂದು ಕೆಂಪರಾಜು ಕೈಮುಗಿದ. ಗೋಡೆಯ ಮೊದಲ ಚಿತ್ರ ಯಾರದೆಂದು ಅಲ್ಲಿಗೆ ತೀರ್ಮಾನವಾಯಿತು. ತಿಮ್ಮರಾಯಪ್ಪ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತವರು, ಒಂದು ಕ್ಷಣ ಯೋಚಿಸಿ, ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಈಗ ಆ ಬೋರ್ಡಿನ ಮೇಲಿನ ಎರಡು ಸಾಲು ಗುಂಡನೆಯ ಅಕ್ಷರದಲ್ಲಿವೆ.

ಆ ದಿನ ಮಲಗುವ ಮುಂಚೆ ಅವರು ಕೇಳಿದರು. "ಅಷ್ಟೊಂದು ಚೀಟೀಲಿ ನಿಂದು ಯಾವ್ದು?"

"ನಂದು ಬರೀಲೇ ಇಲ್ಲ. ಅವರಿವ್ರದು ಬರೆಯೋಷ್ಟ್ರಲ್ಲಿ ಮಂಗಳ ಹಾಡಿಬಿಡೋರು," ಎಂದು ಲಕ್ಷ್ಮಿದೇವಮ್ಮ ದಿಂಬು ಕೊಡವಿದರು.

ರಾಜ್ಯೋತ್ಸವದ ಸಂಜೆ ಗೋಡೆಯ ತೆರೆ ಸರಿಯಿತು, ಜನ ಚಪ್ಪಾಳೆ ತಟ್ಟಿದರು, ಲತಾಮಣಿ ಹಳೆಯ ಗತ್ತಿನಲ್ಲೇ ಎರಡು ಹಾಡು ಹೇಳಿದರು. ತಿಮ್ಮರಾಯಪ್ಪ ತಮ್ಮ ಮೇಜಿನ ಮೇಲೆ ಹಳೇ ಬಿಸ್ಕತ್ ಡಬ್ಬಿಯನ್ನು ಉಜ್ಜಿ ಇಟ್ಟಿದ್ದರು. ಈ ಸಲ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟಿದ್ದರು. ಲಕ್ಷ್ಮಿದೇವಮ್ಮ ಫ್ಲಾಸ್ಕ್ ತಂದಿಟ್ಟರು, ಗಂಡನ ಮುಖ ನೋಡಿಕೊಂಡೇ ಒಂದು ಚೀಟಿ ಡಬ್ಬಿಗೆ ಹಾಕಿದರು, ಚಾಪೆಯ ಕಡೆ ನಡೆದರು.

ತಿಮ್ಮರಾಯಪ್ಪ ಚೀಟಿಯನ್ನು ಬಿಡಿಸದೆ ನೇರ ಸ್ಟೇಜಿಗೆ ಕಳಿಸಿದರು. ಅದು ಯಾರ ಹಾಡೆಂದು ಅವರಿಗೆ ಸಂಶಯವೇ ಇರಲಿಲ್ಲ. ಮೈಕು ಹಿಡಿದಿದ್ದ ಕೆಂಪರಾಜು ಓದಿದ, ಮತ್ತೊಮ್ಮೆ ಓದಿದ, ಆಮೇಲೆ ಅವನ ದನಿ ಸುಬ್ರಹ್ಮಣ್ಯಪುರಕ್ಕೆ ಕೇಳಿಸುವಷ್ಟು ಎದ್ದಿತು.

"ಕೇಳ್ರಪ್ಪಾ ಕೇಳಿ! ಶ್ರೀಮತಿ ಲಕ್ಷ್ಮಿದೇವಮ್ಮ, ಉತ್ತರಹಳ್ಳಿ. ಕೇಳಿರೋದು ಅಣ್ಣಾವ್ರ ಹಾಡು!"

ಜನ ಹೋ ಎಂದರು. ತಿಮ್ಮರಾಯಪ್ಪ ಬಾಯಿ ಬಿಟ್ಟುಕೊಂಡು ಚಾಪೆಗಳ ಕಡೆ ತಿರುಗಿದರು. ಲಕ್ಷ್ಮಿದೇವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು, ಸುತ್ತ ಕೂತ ಹೆಂಗಸರು ಅವರನ್ನು ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ಹಾಡು ಶುರುವಾಯಿತು. ತಿಮ್ಮರಾಯಪ್ಪ ಹಿಂದಿನ ಸ್ಪೀಕರಿನ ಸೌಂಡು ಏರಿಸಿದರು.

ಹಾಡು ಮುಗಿದ ಮೇಲೆ ಚೀಟಿ ಮೇಜಿಗೆ ವಾಪಸು ಬಂತು. ಎಂಟುನೂರ ಎಪ್ಪತ್ತೆರಡು, ಎಂದು ಮನಸ್ಸಿನಲ್ಲೇ ಕೂಡಿಕೊಂಡು ಅವರು ಹೊಸ ತಂತಿ ತೆಗೆದರು. ಚುಚ್ಚುವ ಮೊದಲು ಚೀಟಿಯನ್ನು ತಿರುಗಿಸಿ ನೋಡಿದರು. ಹಿಂದೆ ಒಂದೇ ಒಂದು ಗೆರೆ ಇತ್ತು.