ಚಾಂದಿಬಾಯಿ ಅತ್ತ ದಿನ

೨೦೦೩ರಲ್ಲಿ ನಾನು ಗುಲಬರ್ಗಾದ ಒಂದು ಕಾಲೇಜಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಸೈಕಾಲಜಿ, ಅಂದರೆ ಆಪ್ತಸಮಾಲೋಚನೆಯ ಮನೋವಿಜ್ಞಾನ, ಕಲಿಸುತ್ತಿದ್ದೆ. ಎರಡನೆಯ ವರ್ಷದವರಿಗೆ ಮೂರು ತಿಂಗಳ ಫೀಲ್ಡ್ ತರಬೇತಿ ಕಡ್ಡಾಯ. ಅದರ ಮೇಲ್ವಿಚಾರಣೆ ನನ್ನದು. ಅದುವರೆಗೆ ವಿದ್ಯಾರ್ಥಿಗಳನ್ನು ಪಟ್ಟಣದ ಆಸ್ಪತ್ರೆಗಳಿಗಷ್ಟೇ ಕಳಿಸುತ್ತಿದ್ದೆವು. ಆ ವರ್ಷ ಮೊದಲ ಸಲ ಚಿಂಚೋಳಿ ತಾಲ್ಲೂಕಿನ ಲಂಬಾಣಿ ತಾಂಡಾಗಳಿಗೆ ಕಳಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ಒಬ್ಬರೂ ತಾಂಡಾದಲ್ಲಿ ಒಂದು ದಿನ ಕಳೆದವರಲ್ಲ. ನಾನಂತೂ ಸೇಡಂನ ವೈಷ್ಣವ ಮನೆತನದವಳು, ಮಾಸ್ತರರ ಮಗಳು. ಲಂಬಾಣಿ ಹೆಂಗಸರನ್ನು ಸಂತೆಯಲ್ಲಿ ನೋಡಿದ್ದೆ, ಅಷ್ಟೇ.

ಆ ತಂಡದಲ್ಲಿ ವಿಮಲಾ ಎಂಬ ಹುಡುಗಿಯಿದ್ದಳು. ಚಿತ್ತಾಪುರ ಕಡೆಯ ಒಂದು ತಾಂಡಾದವಳು, ಇಪ್ಪತ್ತಮೂರು ವರ್ಷ. ತರಗತಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅವಳ ನೋಟ್ಸನ್ನು ಉಳಿದವರೆಲ್ಲ ಬೇಡಿ ಒಯ್ಯುತ್ತಿದ್ದರು. ತಾಂಡಾದ ಕೆಲಸಕ್ಕೆ ಅವಳೇ ಸರಿ ಎಂದು ನಾನು ಅವಳನ್ನು ಆರಿಸಿದೆ. ಹಾಗೆ ಆರಿಸಿ, ಅವಳಿಗೆ ಗೊತ್ತಿದ್ದುದನ್ನು ಬಳಸಲು ಬಿಡಲಿಲ್ಲ. ಅದು ನನ್ನ ತಪ್ಪು.

ಅಲ್ಲಿನ ಆರೋಗ್ಯ ಕೇಂದ್ರದ ನರ್ಸ್ ನಮಗೆ ಮೊದಲು ಹೇಳಿದ ಹೆಸರು ಚಾಂದಿಬಾಯಿಯದು. ವಯಸ್ಸು ಮೂವತ್ತೈದರ ಆಸುಪಾಸು. ಅವಳೂ ಗಂಡ ಗೋಪ್ಯಾನೂ ಶಹಾಬಾದಿನ ಹತ್ತಿರ ಫರ್ಸಿ ಗಣಿಯಲ್ಲಿ ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿ ಎಬ್ಬಿಸುವ ಕೆಲಸ ಮಾಡುತ್ತಿದ್ದರು. ಒಂದು ಮುಂಜಾನೆ ಚಪ್ಪಡಿ ಜಾರಿ ಗೋಪ್ಯಾ ಸತ್ತ. ಅಂತ್ಯಕ್ರಿಯೆ ಅವಸರದಲ್ಲಿ ಅಲ್ಲೇ ಮುಗಿಯಿತು. ಚಾಂದಿಬಾಯಿ ಒಬ್ಬಳೇ ತಾಂಡಾಕ್ಕೆ ಮರಳಿ, ಗೋಪ್ಯಾನ ಅಕ್ಕ ಸೋನಾಬಾಯಿಯ ಮನೆಯಲ್ಲಿದ್ದಳು. ಎರಡು ತಿಂಗಳಾದರೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾತಿಲ್ಲ, ರೊಟ್ಟಿ ಮುಂದಿಟ್ಟರೆ ಮುರಿದು ಹಾಗೇ ಬಿಡುತ್ತಿದ್ದಳು. ಎರಡು ಸಲ ಹೊಲದ ಬಾವಿಯ ದಂಡೆಯ ಮೇಲೆ ನಿಂತಿದ್ದವಳನ್ನು ಕೈಹಿಡಿದು ಕರೆತಂದಿದ್ದರು. ನಾವು ಡಾಕ್ಟರರಿಗೆ ತೋರಿಸಿದೆವು, ಅವಳನ್ನು ಒಂಟಿ ಬಿಡಬೇಡಿ ಎಂದು ಮನೆಯವರಿಗೆ ಹೇಳಿದೆವು.

ವಾರಕ್ಕೆ ಎರಡು ಭೇಟಿಯಂತೆ ವಿಮಲಾ ಕೆಲಸ ಆರಂಭಿಸಿದಳು. ಖಿನ್ನತೆಯ ತೀವ್ರತೆ ಅಳೆಯಲು ನಮ್ಮಲ್ಲಿ ಒಂದು ಪ್ರಶ್ನಾವಳಿ ಇತ್ತು, ಇಂಗ್ಲಿಷಿನಿಂದ ನಾವೇ ಕನ್ನಡಕ್ಕೆ ತಂದದ್ದು. ‘ಭವಿಷ್ಯದ ಬಗ್ಗೆ ನಿಮಗೆ ನಿರಾಶೆ ಅನಿಸುತ್ತಿದೆಯೇ?’ ಅಂದರೆ ಚಾಂದಿಬಾಯಿ ‘ಹೂಂ’ ಅಂದಳು. ‘ಸಂತೋಷವಾಗಿದ್ದೀರಾ?’ ಅಂದಾಗಲೂ ‘ಹೂಂ.’

ನಾಲ್ಕನೆಯ ಭೇಟಿಯ ನಂತರ ವಿಮಲಾ ನನ್ನ ಕೋಣೆಗೆ ಬಂದು ನಿಂತಳು. “ಮೇಡಂ, ಅಕಿಗಿ ಈ ಪ್ರಶ್ನಿ ಮುಟ್ಟಂಗಿಲ್ಲರಿ. ನಮ್ಮ ಮಾತಿನಾಗ ಕೇಳ್ಲೇನ್ರಿ?”

“ಬ್ಯಾಡ. ರಿಪೋರ್ಟ್ ನಾನೂ ಓದಬೇಕು, ಪರೀಕ್ಷಕರೂ ಓದಬೇಕು. ಕನ್ನಡದಾಗೇ ಕೇಳು.”

ಅವಳು ಹೊರಡಲಿಲ್ಲ. “ಇನ್ನೊಂದದರಿ. ನಮ್ಮಲ್ಲಿ ಸಾವಾದ ಮನಿಗಿ ಹೋದ್ರ ಮೊದಲ ಕೊರಳಿಗಿ ಬಿದ್ದು ರಾಗ ಮಾಡಿ ಅಳಬೇಕ್ರಿ. ನಾ ಹೋಗಿ ಕಾಗದ ಹಿಡ್ಕೊಂಡು ಕುಂತ್ರ ಅಕಿ ಏನ್ ತಿಳ್ಕೊಂಡಾಳು?”

“ನೀ ಅತ್ತರ ಅಕಿಗೆ ಧೈರ್ಯ ಹೇಳೋರು ಯಾರು? ಕೌನ್ಸೆಲರ್ ಅಳಬಾರದು, ಮುಟ್ಟಬಾರದು. ಇದನ್ನ ಮೊದಲನೇ ವರ್ಷನೇ ಓದೀಯಲ್ಲ?”

“ಓದೀನ್ರಿ,” ಎಂದು ಹೊರಟುಹೋದಳು. ಆ ‘ಓದೀನ್ರಿ’ ನನ್ನ ಕಿವಿಯಲ್ಲಿ ಉಳಿಯಿತು. ಐದನೆಯ ಭೇಟಿಗೆ ನಾನೂ ಹೊರಟೆ.

ಸೋನಾಬಾಯಿಯದು ಒಂದೇ ಕೋಣೆಯ ಮನೆ. ಕ್ಲೈಂಟ್ ಹೇಳಿದ ಮಾತು ಮೂರನೆಯವರ ಕಿವಿಗೆ ಬೀಳಬಾರದು, ಇದು ನಮ್ಮ ವೃತ್ತಿಯ ದೊಡ್ಡ ನಿಯಮ. ಹಾಗಾಗಿ ಸೋನಾಬಾಯಿಯನ್ನು ಹೊರಗೆ ಕೂರಲು ಹೇಳಿ, ಬಾಗಿಲು ಹಾಕಿ, ನಾನು ಮೂಲೆಯಲ್ಲಿ ಕುಳಿತೆ. ವಿಮಲಾ ಪ್ರಶ್ನೆಯ ಹಾಳೆ ತೆಗೆದಳು. ಚಾಂದಿಬಾಯಿ ಗೋಡೆ ನೋಡುತ್ತಿದ್ದಳು. ಸುಮಾರು ಹತ್ತು ನಿಮಿಷ ಹೀಗೇ ಹೋಯಿತು.

ಆಮೇಲೆ ವಿಮಲಾ ಹಾಳೆಯನ್ನು ಮಡಿಸಿ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಚಾಂದಿಬಾಯಿಯ ಹೆಗಲ ಮೇಲೆ ತಲೆಯಿಟ್ಟು, ತನ್ನ ಭಾಷೆಯಲ್ಲಿ, ಉದ್ದನೆಯ ಒಂದು ರಾಗದಲ್ಲಿ ಅಳಲು ಶುರುಮಾಡಿದಳು. ನಾನು ದಂಗಾದೆ. ತಡೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚಾಂದಿಬಾಯಿಯ ಬೆನ್ನು ನಡುಗಿತು. ಅವಳ ಕೈ ಮೆಲ್ಲಗೆ ಮೇಲೆದ್ದು ಹುಡುಗಿಯ ಬೆನ್ನನ್ನು ಸುತ್ತಿತು. ಎರಡು ತಿಂಗಳು ಮುಚ್ಚಿದ್ದ ಗಂಟಲಿನಿಂದ ಮೊದಲು ಒಡಕು ದನಿ, ಆಮೇಲೆ ರಾಗ, ಆಮೇಲೆ ಮಾತು. ಮಾತು ನಿಲ್ಲಲೇ ಇಲ್ಲ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ‘ಗೋಪ್ಯಾ’ ಎಂಬ ಹೆಸರು ಮಾತ್ರ ಮತ್ತೆ ಮತ್ತೆ ಕೇಳಿಸುತ್ತಿತ್ತು.

ಅಷ್ಟರಲ್ಲಿ ಹೊರಗಿನಿಂದ ಬಾಗಿಲು ದೂಡಿದರು. ನಾನು ಎದ್ದು ಅಗಳಿಯ ಮೇಲೆ ಕೈಯಿಟ್ಟೆ. ವಿಮಲಾ ಅಳುತ್ತಲೇ ನನ್ನತ್ತ ತಿರುಗಿದಳು, ಮುಖ ಬಿಳಿಚಿತ್ತು. “ಬ್ಯಾಡ್ರಿ ಮೇಡಂ, ತೆಗಿಬ್ಯಾಡ್ರಿ.”

ಹೊರಗಿನಿಂದ ಸೋನಾಬಾಯಿಯ ದನಿ ಕನ್ನಡದಲ್ಲಿ ಬಂತು. “ಬಾಗಲಾ ತೆಗೀರಿ ಮೇಡಂ. ನಂದೂ ಅಳು ಅದ.”

ನಾನು ತೆಗೆದೆ. ಅದು ನನ್ನ ಜಾಣತನವಲ್ಲ. ಒಳಗೆ ಏನು ಹೇಳಿಯಾಗಿದೆ ಎಂದು ನನಗೆ ಗೊತ್ತಿರಲಿಲ್ಲ, ಆ ದನಿಗೆ ಇಲ್ಲ ಅನ್ನಲು ಆಗಲಿಲ್ಲ, ಅಷ್ಟೇ. ಸೋನಾಬಾಯಿ ಹೊಸ್ತಿಲಲ್ಲಿ ನಿಂತು ಚಾಂದಿಬಾಯಿಯನ್ನು ನೋಡಿದಳು. ಚಾಂದಿಬಾಯಿಯ ಅಳು ತಟ್ಟನೆ ನಿಂತಿತು. ವಿಮಲಾ ಅವಳನ್ನು ಬಿಗಿಯಾಗಿ ಹಿಡಿದುಕೊಂಡಳು. ಸೋನಾಬಾಯಿ ಬಂದು ಅವಳ ಮುಂದೆ ಕುಳಿತು, ಅವಳ ಎರಡೂ ಕೈ ಹಿಡಿದು, ಅದೇ ರಾಗವನ್ನು ಬಿಟ್ಟಲ್ಲಿಂದ ಎತ್ತಿಕೊಂಡಳು.

ಆಮೇಲೆ ಬೇವಿನ ಗಿಡದ ಕೆಳಗೆ ವಿಮಲಾ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಮುಂಜಾನೆ ಗೋಪ್ಯಾನಿಗೆ ಜ್ವರವಿತ್ತು. ‘ಇವತ್ತೊಂದು ದಿನ ಹೋಗಿ ಬಾ’ ಎಂದು ಎಬ್ಬಿಸಿ ಕಳಿಸಿದವಳು ಚಾಂದಿಬಾಯಿ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ಅಳುವಿನಲ್ಲಿ ಸತ್ತವನಿಗೇ ಹೇಳಿದ್ದಳು, ಬಾಗಿಲಾಚೆ ಸತ್ತವನ ಅಕ್ಕ ಕೇಳಿಸಿಕೊಂಡಿದ್ದಳು.

“ಸೋನಾಬಾಯಿ ಏನಂದಳು?” ಎಂದು ಕೇಳಿದೆ.

“‘ನನ್ನ ತಮ್ಮ ಯಾರ ಮಾತು ಕೇಳಿ ಮನಿಯಾಗ ಕುಂತವನು? ನೀ ಬ್ಯಾಡಂದ್ರೂ ಹೋಗ್ತಿದ್ದ. ಇಷ್ಟು ದಿನ ಇದನ್ನ ಒಬ್ಬಾಕೀನೇ ಹ್ಯಾಂಗ ಹೊತ್ತಿ?’ ಅಂದ್ಳರಿ.” ಹೇಳಿ ಮುಗಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಮೇಡಂ, ನಾ ಫೇಲ್ ಆದ್ನೇನ್ರಿ?”

“ನಡಿ, ಬಸ್ಸಿಗೆ ಹೊತ್ತಾತು” ಅಂದೆ.

ಚಾಂದಿಬಾಯಿ ಒಂದೇ ದಿನಕ್ಕೆ ಚೇತರಿಸಿಕೊಳ್ಳಲಿಲ್ಲ. ಡಾಕ್ಟರರ ಔಷಧ ಕೆಲವು ತಿಂಗಳು ನಡೆಯಿತು. ವಿಮಲಾ ಇನ್ನೂ ಒಂಬತ್ತು ಸಲ ಹೋದಳು, ಅವರದೇ ಭಾಷೆಯಲ್ಲಿ ಮಾತಾಡಿದಳು. ಚಾಂದಿಬಾಯಿಗೆ ಮೊದಲು ರೊಟ್ಟಿ ತಿನ್ನುವುದು ಬಂತು, ಆಮೇಲೆ ನಿದ್ದೆ. ಮುಂದೆ ಸೋನಾಬಾಯಿಯ ಜೊತೆ ತೊಗರಿ ಹೊಲಕ್ಕೆ ಹೋಗತೊಡಗಿದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ರಿಪೋರ್ಟ್ ಮೇಜಿನ ಮೇಲಿಟ್ಟು ಕೇಳಿದರು. “ಕ್ಲೈಂಟ್ ಜೊತೆ ಕೂತು ಅತ್ತಿದ್ದೀರಿ. ಇದು ಕೌನ್ಸೆಲಿಂಗ್ ಹೇಗಾಗುತ್ತೆ?”

“ಸರ್, ನಾ ಅತ್ತೀನಿ, ಆದ್ರ ಮೈಮರ್ತಿದ್ದಿಲ್ಲರಿ. ಅಕಿ ಅಂದ ಒಂದೊಂದು ಮಾತೂ ಲಕ್ಷ್ಯ ಕೊಟ್ಟು ಕೇಳೀನಿ, ಬರ್ದೀನಿ. ಓದ್ರಿ.”

ಅವರು ಅಲ್ಲೇ ಓದಿದರು. ಕೊನೆಯಲ್ಲಿ ಮೇಲ್ವಿಚಾರಕಿಯ ಟಿಪ್ಪಣಿ ಇತ್ತು: ‘ಮೊದಲ ನಾಲ್ಕು ಭೇಟಿ ವಿಫಲವಾದದ್ದಕ್ಕೆ ನನ್ನ ಸೂಚನೆಗಳೇ ಕಾರಣ.’ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ವಿಮಲಾ ಪಾಸಾದಳು. ಮುಂದಿನ ವರ್ಷದಿಂದ, ಸಾವಾದ ಮನೆಯಲ್ಲಿ ಆ ಜನ ಹೇಗೆ ಅಳುತ್ತಾರೆ, ಹೇಗೆ ಸಮಾಧಾನ ಹೇಳುತ್ತಾರೆ ಎಂಬುದನ್ನು ತಿಳಿದುಕೊಂಡ ನಂತರವೇ ಪ್ರಶ್ನಾವಳಿ ತೆಗೆಯಬೇಕೆಂದು ನಿಯಮ ಮಾಡಿದೆವು.

೨೦೦೫ರಲ್ಲಿ ಹೊಸ ತಂಡವನ್ನು ಕರೆದುಕೊಂಡು ಅದೇ ತಾಂಡಾಕ್ಕೆ ಹೋದೆ. ವಿಮಲಾ ಆಗ ಚಿಂಚೋಳಿಯಲ್ಲೇ ಕೆಲಸದಲ್ಲಿದ್ದಳು, ನಮ್ಮ ಜೊತೆ ಬಂದಳು. ಅದಕ್ಕೆ ಇಪ್ಪತ್ತು ದಿನ ಮೊದಲು ನನ್ನ ತಾಯಿ ತೀರಿಕೊಂಡಿದ್ದರು. ನಾನು ಕರ್ಮಾಂತರ ಮುಗಿಸಿ ಮರುದಿನವೇ ಕಾಲೇಜಿಗೆ ಹೋಗಿದ್ದೆ. ಬಂದ ನೆಂಟರಿಗೆಲ್ಲ ನಾನೇ ಧೈರ್ಯ ಹೇಳಿದ್ದೆ.

ಚಾಂದಿಬಾಯಿ ಹೊಲದಿಂದ ಬಂದಳು. ವಿಮಲಾ ಅವಳಿಗೆ ಏನೋ ಹೇಳಿದಳು. ಚಾಂದಿಬಾಯಿ ತಲೆಯ ಮೇಲಿನ ಹೊರೆ ಇಳಿಸಿ ನೇರ ನನ್ನ ಹತ್ತಿರ ಬಂದು, ನನ್ನ ಕೊರಳಿಗೆ ಕೈ ಹಾಕಿ, ಆ ರಾಗ ಎತ್ತಿದಳು. ನಡುವೆ ‘ಯಾಡಿ, ಯಾಡಿ’ ಅನ್ನುತ್ತಿದ್ದಳು. ಯಾಡಿ ಅಂದರೆ ಅವ್ವ. ಅಷ್ಟು ಮಾತು ನಾನು ಕಲಿತಿದ್ದೆ. ಅವಳು ನನ್ನ ಅವ್ವನಿಗಾಗಿ ಅಳುತ್ತಿದ್ದಳು.

ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಮೇಲ್ವಿಚಾರಕಿ ನಾನು. ಅವಳ ಹೆಗಲ ಮೇಲೆ ತಲೆಯಿಟ್ಟು, ರಾಗ ಬಾರದಿದ್ದರೂ, ದನಿ ತೆಗೆದು ಅತ್ತೆ. ಬಹಳ ಹೊತ್ತು ಅತ್ತೆ. ಸಮಾಧಾನ ಹೇಳುವುದನ್ನು ಅಷ್ಟು ವರ್ಷ ಕಲಿಸಿದ್ದ ನನಗೆ ಸಮಾಧಾನ ಪಡೆಯುವುದು ಹೇಗೆಂದು ಕಲಿಸಿದವಳು ಚಾಂದಿಬಾಯಿ.