ಕಾಕು ಇಟ್ಟ ದಾರಗಳು

ಕಾಕು ಅವರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ನಲವತ್ತು ವರ್ಷ ದಾರವನ್ನು ಅದೇ ಹಲ್ಲಿನಿಂದ ಕಡಿದು ಕಡಿದು ಬಿದ್ದ ಕಚ್ಚು. ಕತ್ತರಿ ತೊಡೆಯ ಪಕ್ಕದಲ್ಲೇ ಇರುತ್ತಿತ್ತು, ಆದರೆ ಅದು ಬಟ್ಟೆಗೆ ಮಾತ್ರ. ದಾರಕ್ಕೆ ಹಲ್ಲೇ ಆಗಬೇಕು. ಅವರು ನಕ್ಕರೆ ಮೊದಲು ಆ ಕಚ್ಚು ಕಾಣುತ್ತಿತ್ತು.

ಧಾರವಾಡದ ಕಡೆ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆ. ನಾನು ಮೈಸೂರಿನವನು, ಅವರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಅಹಮದಾಬಾದಿನ ಕನ್ನಡದವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಗಂಡ ಇಲ್ಲಿಯ ಕೇಂದ್ರ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದವರು. ನಾನು ಈ ಊರಿಗೆ ಬರುವ ಮೊದಲೇ ತೀರಿಕೊಂಡಿದ್ದರು. ಬೋಡಕ್‌ದೇವ್‌ನ ಹಳೆಯ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಕಾಕು ಒಬ್ಬರೇ ಇದ್ದು, ಸೀರೆಗಳಿಗೆ ಫಾಲ್ ಹೊಲಿದುಕೊಡುತ್ತಿದ್ದರು. ಬೇಡ ಅಂದರೂ ಕೇಳದೆ ಅಕ್ಕಪಕ್ಕದ ಗುಜರಾತಿ ಹೆಂಗಸರು ಸೂರತ್‌ನಿಂದ ತಂದ ಸೀರೆಗಳನ್ನು ಅವರ ಮಂಚದ ಮೇಲೆ ರಾಶಿ ಹಾಕಿ ಹೋಗುತ್ತಿದ್ದರು.

ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ಆ ಸೀರೆಗಳನ್ನೆಲ್ಲ ಒಳಗೆ ಸರಿಸಿ ಅಲ್ಲೇ ನಮ್ಮ ಓದುಕೂಟ ನಡೆಯುತ್ತಿತ್ತು. ಹತ್ತು ಹನ್ನೆರಡು ಜನ. ವರ್ಗವಾಗಿ ಹೋದ ಸಂಸಾರಗಳು ಬಿಟ್ಟುಹೋದ ಕನ್ನಡ ಪುಸ್ತಕಗಳೆಲ್ಲ ಕಾಕು ಅವರ ಗೋಡ್ರೇಜ್ ಕಪಾಟಿನಲ್ಲಿದ್ದವು. ಒಬ್ಬರು ಕತೆಯನ್ನೋ ಕವಿತೆಯನ್ನೋ ಓದುವುದು, ಉಳಿದವರು ಅಭಿಪ್ರಾಯ ಹೇಳುವುದು. ಅಭಿಪ್ರಾಯವೆಂದರೆ ನಮ್ಮಲ್ಲಿ ಹೊಗಳಿಕೆ ಎಂದೇ ಅರ್ಥ. ನಿವೃತ್ತ ವಿಜ್ಞಾನಿಯೊಬ್ಬರು ಎಲ್ಲದಕ್ಕೂ ‘ಹೃದಯಸ್ಪರ್ಶಿ’ ಅನ್ನುತ್ತಿದ್ದರು. ಒಮ್ಮೆ ಯಾರೋ ಮಹಾನಗರಪಾಲಿಕೆಯ ನಲ್ಲಿಯ ಬಗ್ಗೆ ಹಾಸ್ಯಪ್ರಬಂಧ ಓದಿದಾಗಲೂ ಕರವಸ್ತ್ರ ತೆಗೆದು ಹಾಗೇ ಅಂದರು.

ಕಾಕು ಮಾತ್ರ ಏನೂ ಹೇಳುತ್ತಿರಲಿಲ್ಲ. ಅವಲಕ್ಕಿ ಕೊಡುವರು, ಚಹಾ ಕೊಡುವರು, ಗೋಡೆಗೆ ಒರಗಿ ಕೂರುವರು. ಪುಸ್ತಕವನ್ನು ಆಮೇಲೆ ತಾವೊಬ್ಬರೇ ಓದುವರು. ಓದಿದ ಪುಸ್ತಕ ಕಪಾಟಿಗೆ ಮರಳಿದಾಗ ಅದರ ಪುಟಗಳ ನಡುವೆ ಅಲ್ಲಲ್ಲಿ ಬಣ್ಣದ ದಾರದ ತುಣುಕುಗಳಿರುತ್ತಿದ್ದವು. ಇದೇನೆಂದು ನಾನೊಮ್ಮೆ ಕೇಳಿದೆ.

“ಓದೂಮುಂದ ಒಮ್ಮೊಮ್ಮೆ ಮುಂದ ಹೋಗಲಿಕ್ಕೆ ಆಗೂದಿಲ್ಲಪಾ. ಎದ್ದು ಹೋಗಿ ನೀರು ಕುಡದು ಬರ್ತೀನಿ. ಎದ್ದ ಜಾಗಾದಾಗ ಒಂದು ದಾರ ಇಡ್ತೀನಿ. ಅಷ್ಟ.”

“ಅಳು ಬರುತ್ತಾ?”

“ಅಳು ಯಾತಕ್ಕೂ ಬರ್ತದ. ಉಳ್ಳಾಗಡ್ಡಿ ಹೆಚ್ಚಿದ್ರೂ ಬರ್ತದ. ನೀರಡಿಕಿ ಹಂಗಲ್ಲ.”

ಅವತ್ತು ಸೂಜಿಯಲ್ಲಿ ಯಾವ ಬಣ್ಣವಿತ್ತೋ ಅದೇ ಬಣ್ಣದ ದಾರ. ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಪುಸ್ತಕ ಒಯ್ಯುವವರು ಮೊದಲು ದಾರ ಎಷ್ಟಿವೆ ಎಂದು ನೋಡುತ್ತಿದ್ದರು. ದೊಡ್ಡ ದೊಡ್ಡ ಹೆಸರಿನ ಕಾದಂಬರಿಗಳು ಒಂದು ದಾರವೂ ಇಲ್ಲದೆ ಕೂತಿದ್ದವು.

ಆಗ ನಾನು ಸೂರತ್ ಹತ್ತಿರದ ಹಜೀರಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿಯ ಕಂಪನಿ ಕಾಲೊನಿಯ ಒಂದು ಕೋಣೆ; ಶನಿವಾರ ಸೂರತ್‌ನಿಂದ ರೈಲು ಹಿಡಿದು ಅಹಮದಾಬಾದಿಗೆ. ನನ್ನ ಹೆಂಡತಿ ಅಹಮದಾಬಾದಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಎಂಟು ವರ್ಷ ಹೀಗೇ ನಡೆಯಿತು. ಕಾಲೊನಿಯ ಸಂಜೆಗಳಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ವಿರಹದ ಕವಿತೆ ಬರೆಯತೊಡಗಿದೆ. ಅವುಗಳಲ್ಲಿ ಚಂದ್ರ ಇದ್ದ, ನದಿಯ ದಡ ಇತ್ತು, ಬಿಟ್ಟುಹೋದ ಒಬ್ಬಳು ‘ನೀನು’ ಇದ್ದಳು. ಕೂಟದಲ್ಲಿ ಓದಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಪೇಯಿಂಗ್ ಗೆಸ್ಟ್ ಆಗಿದ್ದ ಒಬ್ಬ ಹುಡುಗ ನನ್ನ ಕವಿತೆಯ ಫೋಟೊ ತೆಗೆದು ತನ್ನ ಹುಡುಗಿಗೆ ಕಳಿಸಿದನಂತೆ. ಹೊಗಳಿಕೆ ಬಂದಷ್ಟೂ ಬರೆದೆ. ಹೊಗಳಿದರೆ ಉಬ್ಬುವ ಜಾತಿ ನನ್ನದು.

ನನ್ನ ಹೆಂಡತಿ ಕಾಕು ಅವರ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು ಕೇಳುತ್ತಿದ್ದಳು. “ಇಷ್ಟು ಹಂಬಲಿಸೋ ಗಂಡ ಸಿಗೋದು ಪುಣ್ಯ ಕಣ್ರೀ” ಎಂದು ಯಾರಾದರೂ ಅಂದರೆ ನಗುತ್ತಿದ್ದಳು. ಶನಿವಾರ ಮನೆಗೆ ಬಂದವನು ಊಟ ಮುಗಿಸಿ ವಾರದ ಕವಿತೆಗಳನ್ನು ಶುದ್ಧಪ್ರತಿ ಮಾಡಲು ಕೂರುತ್ತಿದ್ದೆ. ಅವಳು ಪಕ್ಕದ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಇದರಲ್ಲಿ ವಿಚಿತ್ರವೇನಿದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಇಪ್ಪತ್ತನಾಲ್ಕು ಕವಿತೆ ಆದ ಮೇಲೆ ಝೆರಾಕ್ಸ್ ಮಾಡಿಸಿ, ಸ್ಟೇಪಲ್ ಹೊಡೆಸಿ, ಒಂದು ಪ್ರತಿಯನ್ನು ಕಾಕು ಅವರ ಕೈಗೆ ಕೊಟ್ಟೆ. ತಿಂಗಳಾದ ಮೇಲೆ ಕಪಾಟಿನಿಂದ ತೆಗೆದು ನೋಡಿದೆ. ಒಂದೇ ಒಂದು ದಾರ ಇತ್ತು, ಹಸಿರು ಬಣ್ಣದ್ದು, ತುದಿಗೆ ಗಂಟು ಹಾಕಿದ್ದು. ಅದು ಇದ್ದದ್ದು ಹದಿನೇಳನೆಯ ಕವಿತೆಯಲ್ಲಿ. ಪುಟ ಖಾಲಿ ಉಳಿಯಬಾರದೆಂದು ತುರುಕಿದ ಕವಿತೆ ಅದು. ಫೋನಿನಲ್ಲಿ ಇಬ್ಬರು ಮಾತಾಡುತ್ತಾರೆ: ಊಟ ಆಯ್ತಾ, ಆಯ್ತು, ಏನ್ ಮಾಡಿದ್ದೆ, ತಿಳಿಸಾರು, ಇಡ್ಲಾ, ಇಡು. ಇಬ್ಬರೂ ಫೋನ್ ಇಡುವುದಿಲ್ಲ. ಕವಿತೆ ಅಷ್ಟೇ.

“ಒಂದೇನಾ, ಕಾಕು?” ಎಂದೆ. ನಗುತ್ತಲೇ ಕೇಳಿದೆ, ಆದರೆ ಒಳಗೆ ಉರಿದಿತ್ತು.

“ಅದೂ ನಂದಲ್ಲ” ಎಂದರು. ದಾರ ಕಡಿದು ಸೂಜಿಗೆ ಪೋಣಿಸುತ್ತ ಕೂತರು.

ಹಾಗಾದರೆ ಅದು ಯಾರದು ಎಂದು ಕೇಳಬಹುದಿತ್ತು. ನಾನು ಕೇಳಲಿಲ್ಲ, ಮುಖ ಗಂಟು ಹಾಕಿಕೊಂಡು ಮನೆಗೆ ಬಂದೆ. ಫಾಲ್ ಹೊಲಿಯುವವರಿಗೆ ಕಾವ್ಯ ಏನು ಗೊತ್ತು ಎಂದು ಹೆಂಡತಿಯ ಮುಂದೆ ಅಂದೆ ಕೂಡ. ಅವಳು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು.

ಮೂರು ವರ್ಷದ ಮೇಲೆ ಒಂದು ಬುಧವಾರ ಅವಳು ತರಗತಿಯಲ್ಲೇ ಕುಸಿದುಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ಸೂರತ್‌ನಿಂದ ರೈಲಿನಲ್ಲಿ ನಿಂತೇ ಬಂದೆ. ವಡೋದರಾ ದಾಟುವಾಗ ಫೋನ್ ಬಂತು, ಮುಗಿಯಿತು ಎಂದು. ಪಕ್ಕದವರು ಯಾರೋ ಚಹಾ ಕೊಡಿಸಿದರು. ಅದಕ್ಕೆ ಸಕ್ಕರೆ ಕಡಿಮೆ ಇತ್ತು ಎನ್ನುವುದು ನನಗೆ ಇವತ್ತಿಗೂ ನೆನಪಿದೆ. ಉಳಿದದ್ದು ಅಷ್ಟಾಗಿ ನೆನಪಿಲ್ಲ. ಸುಟ್ಟು ಬಂದೆ, ಸ್ನಾನ ಮಾಡಿದೆ, ಅನ್ನ ಉಂಡೆ, ನಿದ್ದೆಯೂ ಬಂತು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ.

ತಿಂಗಳಾದ ಮೇಲೆ ಕೂಟದವರು ನೆನಪಿನ ಸಭೆ ಇಟ್ಟರು. ನನ್ನ ವಿರಹದ ಕವಿತೆಗಳನ್ನು ನಾನೇ ಓದಬೇಕೆಂದು ಒತ್ತಾಯ. ಅವಳ ಮೇಲೇ ಬರೆದದ್ದೆಂದು ಎಲ್ಲರೂ ನಂಬಿದ್ದರು. ಓದಿದೆ. ಎಲ್ಲರೂ ಅತ್ತರು. ಆ ನಿವೃತ್ತ ವಿಜ್ಞಾನಿ ಈ ಸಲ ‘ಹೃದಯಸ್ಪರ್ಶಿ’ ಅನ್ನಲೂ ಆಗದೆ ಹೊರಗೆ ಹೋದರು. ನನ್ನ ದನಿ ಒಂದು ಕಡೆಯೂ ನಡುಗಲಿಲ್ಲ. ನಾಲ್ಕನೆಯ ಕವಿತೆಯ ಹೊತ್ತಿಗೆ ಫ್ಯಾನಿನ ಕೀಚಲು ಸದ್ದಿನ ಕಡೆ ಗಮನ ಹೋಯಿತು.

ಅಷ್ಟರಲ್ಲಿ ಕಾಕು ಎದ್ದು ಬಂದು ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. “ಸಾಕು. ಒಳಗ ಬಾ, ಕೆಲಸ ಅದ” ಎಂದರು.

ಅಡುಗೆಮನೆಯ ನೆಲದ ಮೇಲೆ ಸೂರತಿ ಪಾಪಡಿ ಹರಡಿತ್ತು, ನಮ್ಮ ಅವರೆಕಾಯಿಯ ಹಾಗಿನ ಕಾಯಿ. ಕೂತು ನಾರು ತೆಗೆಯತೊಡಗಿದೆವು. ಸ್ವಲ್ಪ ಹೊತ್ತಾದ ಮೇಲೆ ನಾನೇ ಹೇಳಿದೆ.

“ಕಾಕು, ನನಗೆ ಅಳುವೇ ಬರ್ತಿಲ್ಲ. ನಾನು ಎಂಥ ಮನುಷ್ಯ?”

“ಬರಲಿಲ್ಲಂದ್ರ ಬರಲಿಲ್ಲ. ಅದೇನು ಹಾಜರಿನ, ಬರಲೇಬೇಕಂತ? ಆ ಕಾಯಿ ಹುಳುಕದ, ಬಾಜೂಕ ಇಡು.”

ಹುಳುಕು ಕಾಯನ್ನು ಪಕ್ಕಕ್ಕಿಟ್ಟೆ. ಆಮೇಲೆ ಅವರೇ ಅಂದರು: “ಆ ಹಸರು ದಾರ ಇತ್ತಲ್ಲ, ಅದು ನಿನ್ನ ಹೆಂಡತೀದು. ಸೀರಿ ಕೊಡಲಿಕ್ಕೆ ಬಂದಾಗ ಇಲ್ಲೇ ಕೂತು ನಿನ್ನ ಪುಸ್ತಕ ಓದಿದಳು. ಫೋನಿನ ಕವಿತಾ ಬಂದ ಕೂಡಲೇ ಎದ್ದು ಹೋಗಿ ನೀರು ಕುಡದು ಬಂದಳು. ದಾರ ಅಕೀನ ಇಟ್ಟಳು.”

ಉಳಿದ ಇಪ್ಪತ್ತಮೂರರ ಬಗ್ಗೆ ಏನಂದಳು ಎಂದು ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಮನೆಗೆ ಹೋಗುವಾಗ ಡಬ್ಬಿಯಲ್ಲಿ ಪಲ್ಯ ಕೊಟ್ಟರು.

ಮರುವರ್ಷ ಕಾಕು ಅವರ ಕಣ್ಣು ಮಂದವಾಯಿತು. ಸೂಜಿ ಪೋಣಿಸಲು ಆಗದೆ, ವಡೋದರಾದ ಫತೇಗಂಜ್‌ನಲ್ಲಿದ್ದ ಮಗಳ ಮನೆಗೆ ಹೋದರು. ಅರ್ಧ ಕಪಾಟನ್ನೂ ಒಯ್ದರು. ನಾನು ಶನಿವಾರಗಳಂದು ನಡುವೆ ವಡೋದರಾದಲ್ಲಿ ಇಳಿದು, ಎರಡು ಗಂಟೆ ಅವರಿಗೆ ಓದಿ ಹೇಳಿ, ಮುಂದಿನ ರೈಲಿಗೆ ಮನೆಗೆ ಬರುತ್ತಿದ್ದೆ. ಬೇಗ ಮನೆ ಸೇರಬೇಕಾದ ಕಾರಣ ಈಗ ಯಾವುದೂ ಇರಲಿಲ್ಲ. ಓದುತ್ತಿರುವಾಗ ಅವರು “ತಡಿ” ಅನ್ನುವರು. ನಾನು ನಿಲ್ಲಿಸುತ್ತಿದ್ದೆ. ಮೊಮ್ಮಗಳು ನೀರು ತರುವಳು. ದಾರವನ್ನು ನಾನೇ ಇಡುತ್ತಿದ್ದೆ.

ಅಂಥ ಒಂದು ಶನಿವಾರ, ಅವರು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ, ನಾನು ಕೇಳಿಬಿಟ್ಟೆ. “ಕಾಕು, ಉಳಿದ ಕವಿತೆ ಓದಿ ಅವಳು ಏನಂದ್ಲು?”

ಅವರು ಸೆರಗಿನ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. “‘ಇದು ನನಗ ಬರದದ್ದಲ್ಲ ಕಾಕು, ಯಾರಿಗೆ ಬರದಾರ?’ ಅಂತ ಕೇಳಿದಳು. ಕೇಳೂಮುಂದ ಮಾರಿ ಬಿಳಿಚಿತ್ತು. ಹಜೀರಾದಾಗ ಯಾರರ ಅದಾರೇನು ಅನ್ನೂದು ಅಕೀ ಭಯ. ಆ ಸಭಾದ ದಿನ ಹೇಳಿದ್ರ ನೀ ತಡಕೋತಿದ್ದಿಲ್ಲ. ಅದಕ್ಕ ಹೇಳಿದ್ದಿಲ್ಲ.”

ಹೊರಗೆ ಎದುರಿನ ಹಾಸ್ಟೆಲಿನ ಹುಡುಗರು ಸ್ಕೂಟರ್ ನಿಲ್ಲಿಸಿ ಜಗಳವಾಡುತ್ತಿದ್ದರು. “ಯಾರೂ ಇರಲಿಲ್ಲ ಕಾಕು” ಎಂದೆ. ನಿಜವನ್ನೇ ಹೇಳುತ್ತಿದ್ದೆ, ಆದರೆ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು.

“ನನಗ ಗೊತ್ತಿತ್ತು. ಓದಿದವರಿಗೆ ಗೊತ್ತಾಗೂದಿಲ್ಲೇನು? ಅಕೀಗೂ ಅದನ್ನ ಹೇಳಿದೆ. ‘ಹುಚ್ಚಿ, ಯಾರರ ಖರೇನ ಇದ್ದಿದ್ರ ಇವ ಅಕೀ ಚಪ್ಪಲಿ ಬಣ್ಣಾನರ ಬರೀತಿದ್ದ. ಇಡೀ ಪುಸ್ತಕದಾಗ ಬರೇ ಚಂದ್ರ ಅದಾನ. ಇದ್ದವಳು ನೀ ಒಬ್ಬಾಕಿನ, ತಿಳಿಸಾರಿನಾಕಿ’ ಅಂದೆ.”

“ಅವಳು?”

“ನಕ್ಕಳು. ಕೂತು ನಕ್ಕಳು. ಹೋಗೂಮುಂದ ಮತ್ತ ಹಾಳಿ ತಿರುವಿ, ಆ ದಾರಕ್ಕ ಗಂಟು ಹಾಕಿ ಹೋದಳು.”

ಎಂಟು ವರ್ಷ ಎಲ್ಲರೂ ನನ್ನ ಕವಿತೆಗಳನ್ನು ಒಳ್ಳೆಯವೆಂದರು. ಆ ಮಾತು ನಿಜವಾಗಿದ್ದರೆ ನನ್ನ ಹೆಂಡತಿ ಸಂಶಯದಲ್ಲೇ ಸಾಯುತ್ತಿದ್ದಳು. ಅವು ಕೆಟ್ಟವೆಂದು ತಿಳಿದಿದ್ದ ಒಬ್ಬರೇ ಓದುಗರು ಆ ಸಂಶಯ ತೆಗೆದರು. ಅದನ್ನು ನನ್ನೆದುರು ಬಾಯಿಬಿಡದೆ ನನ್ನ ಸಿಟ್ಟನ್ನೂ ಸಹಿಸಿಕೊಂಡರು. ಇದೆಲ್ಲ ಅವತ್ತು ಅರ್ಥವಾಯಿತು. ಅರ್ಥವಾಯಿತು ಅಷ್ಟೇ, ಏನೂ ಅನಿಸಲಿಲ್ಲ. ಕೈಗೆ ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗಿತ್ತು. ರೈಲಿಗೆ ಹೊತ್ತಾಯಿತೆಂದು ಎದ್ದೆ.

ಕಳೆದ ಚಳಿಗಾಲದಲ್ಲಿ ಕಾಕು ತೀರಿಕೊಂಡರು, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ವಡೋದರಾಕ್ಕೆ ಹೋದೆ, ಹೆಗಲು ಕೊಟ್ಟೆ. ಅಲ್ಲಿಯೂ ಒಣಗಿದ ಕಣ್ಣಲ್ಲೇ ನಿಂತಿದ್ದೆ. ಹೊರಡುವಾಗ ಮೊಮ್ಮಗಳು ಒಂದು ಪ್ಲಾಸ್ಟಿಕ್ ಚೀಲ ತಂದು ಕೊಟ್ಟಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತೂ ಅಷ್ಟಕ್ಕಷ್ಟೇ.

“ಅಂಕಲ್, ಅಜ್ಜಿ ಹೇಳಿದ್ಳು, ಯೇ ಬುಕ್ ನಿಮ್ದು. ಥ್ರೆಡ್ ಮಾತ್ರ ನಿಕಾಲ್‌ಬಾರ್ದು ಅಂತ.”

ಅಹಮದಾಬಾದಿನ ಮನೆ ತಲುಪಿದಾಗ ಬಾಗಿಲ ಮುಂದೆ ಸಂಜೆಯ ಬಿಸಿಲಿತ್ತು. ಬೂಟು ಬಿಚ್ಚಲು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೂತೆ. ಕೆಳಗಿನ ಸಾಲಿನಲ್ಲಿ ಅವಳ ಚಪ್ಪಲಿ ಇತ್ತು. ಅವಳು ಹೋದ ದಿನ ಆಸ್ಪತ್ರೆಯಿಂದ ಯಾರೋ ತಂದಿಟ್ಟದ್ದು, ಅಂದಿನಿಂದ ಅಲ್ಲೇ ಇತ್ತು. ನಾನು ತೆಗೆದಿರಲಿಲ್ಲ, ನೋಡಿಯೂ ಇರಲಿಲ್ಲ. ಕೈಗೆ ತೆಗೆದುಕೊಂಡೆ. ಕಂದು ಬಣ್ಣ. ಎಡಗಾಲಿನದು ಹಿಮ್ಮಡಿಯ ಹತ್ತಿರ ಹೆಚ್ಚು ಸವೆದಿತ್ತು. ಬೋರ್ಡಿನ ಮುಂದೆ ನಿಂತು ಲೆಕ್ಕ ಬಿಡಿಸುವಾಗ ಅವಳು ಎಡಗಾಲಿನ ಮೇಲೆ ಭಾರ ಹಾಕುತ್ತಿದ್ದಳೇನೋ. ಅವಳ ಶಾಲೆಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಚೀಲದಿಂದ ಪುಸ್ತಕ ತೆಗೆದು ಹದಿನೇಳನೆಯ ಕವಿತೆಗೆ ಬಂದೆ. ಗಂಟು ಹಾಗೇ ಇತ್ತು. ಊಟ ಆಯ್ತಾ, ಆಯ್ತು, ಏನ್ ಮಾಡಿದ್ದೆ, ಎನ್ನುವವರೆಗೆ ಓದಿದೆ. ಮುಂದಕ್ಕೆ ಆಗಲಿಲ್ಲ. ಒಳಗೆ ಹೋಗಿ ನೀರು ಕುಡಿದು ಬಂದೆ.