ನಾನು ಬಚ್ಚಿಟ್ಟ ಸಾಲು

ಹರಿಹರದ ಹೈಸ್ಕೂಲಿನಲ್ಲಿ ನಮಗೆ ಸಂಗೀತ ಕಲಿಸಿದ ಮೇಷ್ಟ್ರು ಆಮೇಲೆ ದೊಡ್ಡ ಹೆಸರು ಮಾಡಿದರು. ಆದರೆ ಅವರು ಮೊಟ್ಟಮೊದಲು ರಾಗ ಹಾಕಿದ್ದು ನಮ್ಮ ಊರಿನ ಹೊಳೆಯನ್ನು ಕುರಿತ ಒಂದು ವೃಂದಗಾನಕ್ಕೆ. ನಾವು ಹುಡುಗಿಯರು ಅದನ್ನು ಎರಡು ಸಲ ಹಾಡಿದ್ದೆವು. ಆಮೇಲೆ ಅದು ಮೂಲೆ ಸೇರಿತು. ಅದರ ನಡುವೆ, ಉಳಿದವರೆಲ್ಲ ಸುಮ್ಮನಾದಾಗ, ಒಬ್ಬಳೇ ಹಾಡುವ ಸಾಲೊಂದಿತ್ತು. ಆ ಒಬ್ಬಳು ನಾನು. ಇಷ್ಟು ವರ್ಷವೂ ರೊಟ್ಟಿ ತಟ್ಟುವಾಗ ಅದನ್ನೇ ಗುನುಗುತ್ತಿದ್ದೆ.

ಹೋದ ವರ್ಷ ನನ್ನ ಸಹಪಾಠಿಯೊಬ್ಬಳು ಮನೆಗೆ ಬಂದಳು. ಆಗ ಹಿಂದೆ ನಿಂತು ಬರೀ ಬಾಯಿ ಆಡಿಸುತ್ತಿದ್ದವಳು ಈಗ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಸಂಗೀತ ಶಾಲೆ ನಡೆಸುತ್ತಾಳೆ. ಕಂಠ ಇದ್ದದ್ದು ನನಗೆ, ಶಾಲೆ ದಕ್ಕಿದ್ದು ಅವಳಿಗೆ.

“ಮೇಷ್ಟ್ರಿಗೆ ಎಂಬತ್ತಾತು. ಅವ್ರಿಗೆ ಗೊತ್ತಾಗ್ದಂಗೆ ಆ ಹಾಡು ಹಾಡಸ್ಬೇಕು ಅಂತ ಮಾಡೀನಿ. ಸ್ವರ ಬರ್ಕಂಡಿದ್ದ ನಿನ್ನ ನೋಟ್‌ಬುಕ್ ಐತೇನೆ?”

“ನಡುವಿನ ಸಾಲು ಯಾರು ಹಾಡ್ತಾರೆ?”

“ನನ್ನ ಮಗಳು. ನೀನು ಬಾ, ಮೇಷ್ಟ್ರ ಪಕ್ಕನೇ ಕೂಡ್ಸತೀನಿ.”

ನನ್ನ ಸಾಲು ಅವಳ ಮಗಳ ಬಾಯಿಗೆ! ನಗುನಗುತ್ತಲೇ ಅವಳಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ನೋಟ್‌ಬುಕ್ ಕೈಗೆ ಕೊಡದೆ, ನಾನೇ ಹಾಡನ್ನೆಲ್ಲ ಬರೆದು ಕಳಿಸಿದೆ, ನನ್ನ ಸಾಲೊಂದನ್ನು ಬಿಟ್ಟು. “ಆ ಪುಟ ಗೆದ್ದಲು ತಿಂದೈತೆ. ರಾಗ ನನಗೂ ಮರ್ತು ಹೋಗೈತೆ” ಎಂದು ಫೋನಿನಲ್ಲಿ ಹೇಳಿದೆ. ಅವಳು ಪಾಪ, ನಂಬಿದಳು.

ಕಾರ್ಯಕ್ರಮದ ಸಂಜೆ ಮೇಷ್ಟ್ರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುತ್ತಿದ್ದರು. ನಾನು ವೇದಿಕೆ ನೋಡಲೇ ಇಲ್ಲ, ಅವರ ಕೈಯನ್ನೇ ನೋಡುತ್ತಿದ್ದೆ. ನನ್ನ ಸಾಲಿನ ಜಾಗ ಬಂದಾಗ ಆ ಕೈ ನಿಲ್ಲಬೇಕು, ಅವರು ಮುಖ ಸಿಂಡರಿಸಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಜಾಗ ಬಂತು. ಹಾಡು ಅದನ್ನು ದಾಟಿ ಮುಂದೆ ಹೋಯಿತು. ಕೈ ನಿಲ್ಲಲಿಲ್ಲ.

ಚಪ್ಪಾಳೆಯ ನಡುವೆ ಅವರು ನನ್ನ ಕಡೆ ಬಾಗಿದರು. “ನಡುವಿನ ಸಾಲು ತೆಗ್ದಿದ್ದು ಯಾರವ್ವ?”

“ನಾನೇ ಸರ್” ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಭೇಷ್ ಮಾಡಿದಿ. ಹಾಡು ಅಲ್ಲೇ ಕುಂಟ್ತಿತ್ತು. ಆವತ್ತೇ ತೆಗೀಬೇಕು ಅಂದ್ಕಂಡಿದ್ದೆ. ಕೊಟ್ಟಿದ್ದು ಕಸ್ಕಂಡ್ರೆ ನೀನು ಅಳ್ತೀಯಲ್ಲ ಅಂತ ಸುಮ್ನಾದೆ.”

ಅಷ್ಟು ಹೇಳಿ, ನನ್ನ ಗೆಳತಿಯನ್ನು ಹರಸಲು ಎದ್ದು ವೇದಿಕೆಯ ಕಡೆ ಹೋದರು.

ಮಾರನೆಯ ಬೆಳಿಗ್ಗೆ ಒಲೆ ಮುಂದೆ ಕೂತಾಗ, ಅಭ್ಯಾಸಬಲದಿಂದ ಆ ಸಾಲು ಬಾಯಿಗೆ ಬಂತು. ತುಟಿ ಬಿಗಿಹಿಡಿದು ರೊಟ್ಟಿ ತಟ್ಟಿದೆ.